ವರದಾ–ತುಂಗಭದ್ರೆಯರ ನಡುವೆ ಶುಭಸಂದೇಶ

ಹರಿಹರದ ಬಳಿ ತುಂಗಭದ್ರೆಗೆ ಅಡ್ಡಲಾಗಿ 1868ರಲ್ಲಿ ಕಟ್ಟಿ ಮುಗಿಸಿದ ಸೇತುವೆಯು ಬೆಂಗಳೂರು–ಧಾರವಾಡದ ಹೆದ್ದಾರಿಯನ್ನು ಹೊಳೆ ದಾಟಿಸಿದಾಗ, ಅದರ ದಕ್ಷಿಣದ ತುದಿಯು ಮೈಸೂರು ಸಂಸ್ಥಾನದ ನೆಲದಲ್ಲಿಯೂ ಉತ್ತರದ ತುದಿಯು ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯಲ್ಲಿಯೂ ನೆಲೆಗೊಂಡಿದ್ದುವು. ಕಥೋಲಿಕ ಧರ್ಮಸಭೆಯ ಮೇರೆಯೂ ಬಹುಕಾಲದಿಂದ ಈ ಹೊಳೆಯನ್ನೇ ಅನುಸರಿಸಿ ಬಂದಿದೆ. ದಕ್ಷಿಣದಲ್ಲಿ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳು ನಡೆಸುತ್ತಿದ್ದ ಮೈಸೂರು ಮಿಷನ್ನು, ಉತ್ತರದಲ್ಲಿ ಗೋವೆ ಮತ್ತು ಪುಣೆಗಳ ಅಧಿಕಾರ. ಇಂದಿಗೂ ಹರಿಹರವು 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿದ್ದರೆ, ಹೊಳೆಯಾಚೆಯ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳು ಗೋವೆ ಹಾಗೂ ಪುಣೆಗಳ ಭಾಗಗಳನ್ನು ಬೇರ್ಪಡಿಸಿ 1953ರ ಸೆಪ್ಟೆಂಬರ್ 19ರಂದು ರಚಿಸಿದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿವೆ.

ಎರಡು ಮಿಷನ್ನುಗಳಿಗೂ ಕೊನೆಯ ಅಂಚಾದ ನೆಲದಲ್ಲಿ ಧರ್ಮದ ಜೀವನವು ಹೇಗೆ ಬೇರೂರುತ್ತದೆ ಎಂಬುದೇ ಈ ಬರಹದ ವಿಷಯ. ದೊಡ್ಡ ದೇವಾಲಯಗಳು, ಗುರುಮಠಗಳು, ಮುದ್ರಣಾಲಯಗಳು ಎಲ್ಲವೂ ದೂರದಲ್ಲಿದ್ದುವು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯಿಂದ ಹರಿಹರದವರೆಗೆ ಹಾಸಿಕೊಂಡ ಮೇಲೆ ಗೋವೆ, ಮಂಗಳೂರು, ತಮಿಳುನಾಡಿನ ಕಡೆಯ ಕಥೋಲಿಕರು ನೌಕರಿಯ ನಿಮಿತ್ತ ಈ ಸೀಮೆಗೆ ಬಂದರಾದರೂ ಅವರ ಸಂಖ್ಯೆ ಅತ್ಯಲ್ಪವಾಗಿಯೇ ಉಳಿಯಿತು. ಇಂಥ ಕಡೆ ಶ್ರದ್ಧೆಯನ್ನು ಕಾಪಾಡಿದುದು ಮನೆಯೊಳಗಿನ ಸಂಜೆಯ ಪ್ರಾರ್ಥನೆ, ಬಾಯಿಪಾಠವಾದ ಮಂತ್ರ, ತಾಯಂದಿರ ನೆನಪು. ಧರ್ಮಗ್ರಂಥವು ಇಲ್ಲಿ ಮೊದಲು ನಾಲಗೆಯ ಮೇಲೆ ನೆಲೆಸಿತು; ಕೈಗೆ ಪುಸ್ತಕವಾಗಿ ಬಂದುದು ಬಹಳ ತಡವಾಗಿ. ಇದನ್ನು ಕೊರತೆಯೆಂದು ಎಣಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ.

ದಕ್ಷಿಣದ ದಾರಿಯ ಕಥೆಯನ್ನು ಮೊದಲು ಹೇಳಬೇಕು. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅದಕ್ಕೂ ನಾಲ್ಕು ದಶಕಗಳ ಹಿಂದೆ ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿಯವರು ತೋರಿಸಿಕೊಟ್ಟ ಮಾರ್ಗವನ್ನು ಹಿಡಿದು, ಸಂನ್ಯಾಸಿಯ ಉಡುಪನ್ನು ಧರಿಸಿ, ಮಾಂಸಮದ್ಯಗಳನ್ನು ತೊರೆದು, ಕನ್ನಡವನ್ನು ಕಲಿತು, ಆ ಭಾಷೆಯಲ್ಲಿ ಜ್ಞಾನೋಪದೇಶವನ್ನೂ ಸಂತರ ಚರಿತ್ರೆಗಳನ್ನೂ ವ್ಯಾಕರಣ ನಿಘಂಟುಗಳನ್ನೂ ರಚಿಸಿದವರು ಅವರು. ದೇವರನ್ನು ಹಿಂಬಾಲಿಸುವುದೆಂದರೇನು ಎಂದು ಜನಕ್ಕೆ ತಿಳಿಸುವ ಮುನ್ನ ತಾನು ಹಿಂಬಾಲಿಸಿ ತೋರಿಸಬೇಕು, ಉಣ್ಣುವ ಅನ್ನದಲ್ಲಿಯೂ ಉಡುವ ಬಟ್ಟೆಯಲ್ಲಿಯೂ ಅದು ಕಾಣಬೇಕು ಎಂಬ ನಿಷ್ಠೆ ಆ ಗುರುಗಳದಾಗಿತ್ತು. 1773ರಲ್ಲಿ ಯೇಸುಸಭೆಯೇ ರದ್ದಾದಾಗ ಆ ಮಿಷನ್ನು ಕುಗ್ಗಿತು. ಆದರೆ ಅದು ಬಿಟ್ಟುಹೋದ ಗುರುತುಗಳು ಅಳಿಯಲಿಲ್ಲ. ಯೊವಾನ್ನನಿಗೆ ಅರುಳಪ್ಪ, ಪೇತ್ರನಿಗೆ ರಾಯಪ್ಪ, ಪೌಲನಿಗೆ ಚಿನ್ನಪ್ಪ, ಇಗ್ನೇಷಿಯಸನಿಗೆ ಇನ್ನಾಸಪ್ಪ, ಷಾವಿಯರನಿಗೆ ಚೌರಪ್ಪ ಎಂಬ ಹೆಸರುಗಳು ತಮಿಳು ಸೀಮೆಯಿಂದ ಮೈಸೂರಿಗೆ ಹಾದು ಕನ್ನಡ ಕಥೋಲಿಕರ ಮನೆಗಳ ತೊಟ್ಟಿಲಿಗೆ ಇಳಿದು ಇಂದಿಗೂ ಬಾಳುತ್ತಿವೆ. ಮಗುವನ್ನು ಕರೆದಾಗಲೆಲ್ಲ ಒಬ್ಬ ಪ್ರೇಷಿತನ ಕಥೆ ನೆನಪಾಗುವುದಾದರೆ ಅದೂ ಶ್ರುತಿಪಾಠದ ಒಂದು ಬಗೆಯೇ.

ಜನರು ದೊಡ್ಡ ಸ್ವಾಮಿಯವರು ಎಂದು ಕರೆದ ಆಬೆ ದ್ಯುಬುವಾ ಅವರು 1799ರ ತರುವಾಯ ಮೈಸೂರು ಸೀಮೆಯಲ್ಲಿ ದುಡಿದು, ಸಿಡುಬಿನ ದಾಕು ಹಾಕಿಸುವುದರಲ್ಲಿಯೂ ಮುಂದಾಳಾಗಿ, 1823ರಲ್ಲಿ ಸ್ವದೇಶಕ್ಕೆ ಮರಳಿದವರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಬೈಬಲನ್ನು ಹಾಗೆಯೇ ದೇಶಭಾಷೆಗಳಿಗೆ ತಿರುಗಿಸಿ ಹಂಚುವುದರಿಂದ ಪ್ರಯೋಜನವಿಲ್ಲವೆಂದೂ, ವಿವರಣೆಯಿಲ್ಲದ ಗ್ರಂಥವು ಈ ನೆಲದವರಿಗೆ ಅಸಹ್ಯವನ್ನೇ ಉಂಟುಮಾಡೀತೆಂದೂ ಕಟುವಾಗಿ ಬರೆದರು. ಅತ್ತ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಠಿಕಾಣಿ ಹೂಡಿ ಕನ್ನಡ ಬೈಬಲಿನ ಕಾರ್ಯದಲ್ಲಿ ತೊಡಗಿದ್ದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ಮುಂದೆ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಷನ್ನಿನವರು ಆ ಕೆಲಸವನ್ನು ತಿದ್ದಿ ಬೆಳೆಸಿದರು. ಬಸವಪುರಾಣ ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದ ವುರ್ತ್, 1894ರಲ್ಲಿ ನಿಘಂಟನ್ನು ಹೊರತಂದ ಕಿಟೆಲ್ ಮುಂತಾದವರು ಆ ಪರಂಪರೆಗೆ ಸೇರಿದವರು. ಈ ವಿವಾದದಲ್ಲಿ ದ್ಯುಬುವಾ ಸೋತರೆಂದೇ ಕಾಲವು ತೀರ್ಪಿತ್ತಿದೆ; ಕನ್ನಡಿಗರ ಕೈಗೆ ಬೈಬಲ್ ಬಂದುದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಅವರ ಮಾತಿನಲ್ಲಿ ಒಂದು ತಿರುಳಿತ್ತು: ಓದಿ ಹೇಳುವವನ ಬಾಳು ಗ್ರಂಥಕ್ಕೆ ಭಾಷ್ಯವಾಗದಿದ್ದರೆ ಅಚ್ಚಿನ ಅಕ್ಷರವು ಮೂಕವಾಗಿಯೇ ಉಳಿಯುತ್ತದೆ.

ಇನ್ನು ಈ ನೆಲಕ್ಕೆ ಬರೋಣ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ ಹೊಳೆಯ ದಡದಲ್ಲಿಯೇ ಅಂಬಿಗರ ಚೌಡಯ್ಯನ ಸ್ಮರಣೆ ನೆಲೆಸಿದೆ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನನ್ನು ಕನಕದಾಸರು ಹಾಡಿ ಅಮರಗೊಳಿಸಿದರು. ದೋಣಿ ನಡೆಸುವವನೂ ದಂಡನಾಯಕನ ಪದವಿ ತೊರೆದವನೂ ಸತ್ಪುರುಷರಾಗಬಲ್ಲರೆಂಬ ನಂಬಿಕೆ ಈ ಸೀಮೆಯ ಜನಕ್ಕೆ ಯಾರೂ ಹೊಸದಾಗಿ ಕಲಿಸಬೇಕಾದುದಾಗಿರಲಿಲ್ಲ. ಅದಕ್ಕಿಂತಲೂ ನನ್ನ ಗಮನವನ್ನು ಸೆಳೆದಿರುವುದು ದೇವರಗುಡ್ಡದ ಕಾರಣಿಕ. ರಾಣೆಬೆನ್ನೂರು ತಾಲೂಕಿನ ಈ ಮೈಲಾರಲಿಂಗನ ಕ್ಷೇತ್ರದಲ್ಲಿ ಆಯುಧಪೂಜೆಯ ಸಮಯಕ್ಕೆ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಜನಸ್ತೋಮವೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆತನು ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ಒಂದು ನುಡಿಯನ್ನು ರೈತರು ಊರಿಗೆ ಒಯ್ದು, ಹೊಲದ ಬದುವಿನಲ್ಲಿ, ಚಹದಂಗಡಿಯ ಕಟ್ಟೆಯ ಮೇಲೆ, ವರ್ಷವಿಡೀ ತಿರುವಿ ಹಾಕಿ ಅರ್ಥ ಹಚ್ಚುತ್ತಾರೆ: ಮಳೆಯ ಮಾತೇ, ಬೆಳೆಯ ಮಾತೇ, ಅರಸನ ಮಾತೇ ಎಂದು. ಮೇಲಿನಿಂದ ಬಂದ ನುಡಿಯನ್ನು ಮೌನವಾಗಿ ಆಲಿಸುವುದು, ಒಮ್ಮೆಗೇ ಬಗೆಹರಿಯಿತೆಂದು ಕೈಬಿಡದೆ ಅದನ್ನು ದಿನದಿನವೂ ಮೆಲುಕು ಹಾಕುವುದು ಇಲ್ಲಿಯವರಿಗೆ ರಕ್ತಗತವಾದ ಶಿಸ್ತು. ಕಾರಣಿಕವೂ ಶುಭಸಂದೇಶವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಭವಿಷ್ಯವನ್ನು ಸೂಚಿಸುತ್ತದೆ, ಇನ್ನೊಂದು ನಡೆಯನ್ನು ಕೇಳುತ್ತದೆ. ಕೇಳುವ ಕಿವಿಯನ್ನು ಮಾತ್ರ ಈ ನೆಲವು ಮೊದಲೇ ಹದಮಾಡಿಟ್ಟಿತ್ತು.

ಹಳೆಯ ಕಾಲದ ಕಥೋಲಿಕನಿಗೆ ಬಲಿಪೂಜೆಯು ಲತೀನ್ ಭಾಷೆಯಲ್ಲಿ ನಡೆಯುತ್ತಿತ್ತು. ಗುರುಗಳು ಪೀಠದ ಕಡೆಗೆ ಮುಖಮಾಡಿ ಮೆಲುದನಿಯಲ್ಲಿ ಪಠಿಸುತ್ತಿದ್ದರು. ಭಾನುವಾರದ ವಾಚನಗಳು ಒಂದೇ ವರ್ಷದ ಸುತ್ತಿನವಾಗಿದ್ದು ಹಳೆಯ ಒಡಂಬಡಿಕೆಯ ಭಾಗಗಳು ಅವುಗಳಲ್ಲಿ ಕಂಡುಬರುತ್ತಿದ್ದುದೇ ಅಪರೂಪ. ಹೀಗಿರಲು ಶುಭಸಂದೇಶದ ಪರಿಚಯ ಆತನಿಗೆ ಆಗುತ್ತಿದ್ದುದು ಜಪಸರದಿಂದ. ಪೂರ್ಣ ಜಪಸರದ ನೂರೈವತ್ತು ನಮೋ ಮರಿಯಾಗಳು ನೂರೈವತ್ತು ಕೀರ್ತನೆಗಳನ್ನು ಓದಲಾರದ ಜನರಿಗಾಗಿ ಹುಟ್ಟಿದುವೆಂದು ಪರಂಪರೆಯು ಹೇಳುತ್ತದೆ. ಮಣಿಗಳು ಬೆರಳಿನಲ್ಲಿ ಸರಿಯುತ್ತಿರುವಾಗ ದೇವದೂತನ ವಾರ್ತೆ, ಗೋದಲಿಯ ಜನನ, ತೋಟದಲ್ಲಿ ಸುರಿದ ಬೆವರು, ಮುಳ್ಳಿನ ಕಿರೀಟ, ಪುನರುತ್ಥಾನ ಇವೆಲ್ಲ ಒಂದಾದ ಮೇಲೊಂದು ಮನಸ್ಸಿನೆದುರು ನಿಲ್ಲುತ್ತವೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಹದಿನಾಲ್ಕು ಸ್ಥಳಗಳ ಶಿಲುಬೆಹಾದಿಯು ಯಾತನೆಯ ಕಥೆಯನ್ನು ಮೊಣಕಾಲೂರಿ ಕಲಿಸುತ್ತಿತ್ತು. ಗುರುಗಳು ಬರುವುದು ಅಪರೂಪವಾದ ಹಳ್ಳಿಗಳಲ್ಲಿ ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸುವವನು, ಸಾಯುವವರ ತಲೆದೆಸೆಯಲ್ಲಿ ಕುಳಿತು ಪ್ರಾರ್ಥಿಸುವವನು ಉಪದೇಶಿಯೇ. ಧರ್ಮಸಭೆಯ ಇತಿಹಾಸಗಳಲ್ಲಿ ಧರ್ಮಾಧ್ಯಕ್ಷರ ಹೆಸರುಗಳು ಸಾಲಾಗಿ ನಿಂತಿರುವಾಗ ಉಪದೇಶಿಗಳ ಹೆಸರುಗಳಿಗೆ ಎಡೆಯಿಲ್ಲದಿರುವುದು ನನಗೆ ನೋವಿನ ಸಂಗತಿ; ಕನ್ನಡದ ಕಥೋಲಿಕ ಶ್ರದ್ಧೆಯು ನಿಂತಿರುವುದು ಅವರ ಹೆಗಲ ಮೇಲೆ.

ಚಿನ್ನಾಮಿಯವರ ಸಂನ್ಯಾಸಮಾರ್ಗವು ಕಳೆದ ಶತಮಾನದ ಮಧ್ಯಭಾಗದಲ್ಲಿ ಇದೇ ಬೆಳಗಾವಿ ಧರ್ಮಕ್ಷೇತ್ರದಲ್ಲಿ ಮತ್ತೆ ಚಿಗುರಿತು. ಬೈಲಹೊಂಗಲ ಸೀಮೆಯ ದೇಶನೂರಿನಲ್ಲಿ ಯೇಸುಸಭೆಯ ಗುರುಗಳೊಬ್ಬರು ಅನಿಮಾನಂದ ಸ್ವಾಮಿಗಳೆಂಬ ಹೆಸರಿನಿಂದ ಕಾವಿಯುಟ್ಟು ನೆಲೆಸಿದರು. ಸ್ನಾನಿಕ ಅರುಳಪ್ಪನವರ ವಿರಕ್ತಮಠವೆಂಬ ಹೆಸರನ್ನು ಹೊತ್ತ ಅಲ್ಲಿಯ ದೇವಾಲಯದಲ್ಲಿ ಯೇಸುಸ್ವಾಮಿಯು ಪದ್ಮಾಸನಸ್ಥನಾಗಿ ಧ್ಯಾನಮುದ್ರೆಯಲ್ಲಿ ಕುಳಿತಿದ್ದಾನೆ. ಇದು ವೇಷವಲ್ಲವೇ ಎಂದು ಶಂಕಿಸುವವರು ಎರಡು ಕಡೆಗಳಲ್ಲಿಯೂ ಇದ್ದಾರೆ, ಮತ್ತು ಆ ಶಂಕೆಗೆ ಆಧಾರವೇ ಇಲ್ಲವೆನ್ನಲಾಗದು. ಆದರೆ ಜಂಗಮರ ಮಠದ ಬಾಗಿಲಿನಲ್ಲಿ ಅನ್ನವನ್ನೂ ಅರಿವನ್ನೂ ಪಡೆದು ಬೆಳೆದ ಜನಪದಕ್ಕೆ, ವಿರಕ್ತನಾಗದವನ ಬಾಯಿಂದ ದೇವರ ಮಾತು ರುಚಿಸದು. ಬಟ್ಟೆಯ ಬಣ್ಣವು ದೊಡ್ಡದಲ್ಲ, ಅದರ ಹಿಂದಿನ ತ್ಯಾಗವು ದೊಡ್ಡದು. ಆ ತ್ಯಾಗವನ್ನು ಪರೀಕ್ಷಿಸುವ ಕಣ್ಣು ಉತ್ತರ ಕರ್ನಾಟಕದ ಹಳ್ಳಿಗನಿಗೆ ಚೆನ್ನಾಗಿಯೇ ಇದೆ.

ಅನಂತರ ಬಂದುದು ಎರಡನೆಯ ವ್ಯಾಟಿಕನ್ ಮಹಾಸಭೆ. 1962ರಿಂದ 1965ರವರೆಗೆ ನಡೆದ ಆ ಸಭೆಯು ಆರಾಧನೆಯಲ್ಲಿ ಜನಭಾಷೆಗೆ ಬಾಗಿಲು ತೆರೆಯಿತು. ಪವಿತ್ರತೆಯು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮೀಸಲಾದುದಲ್ಲ, ಯಾವ ಸ್ಥಿತಿಯಲ್ಲಿ ಬಾಳುವವರೇ ಆಗಲಿ ಪ್ರತಿಯೊಬ್ಬರಿಗೂ ಬಂದಿರುವ ಕರೆಯೆಂದು 1964ರ ನವೆಂಬರ್ 21ರಂದು ಪ್ರಕಟವಾದ ಧರ್ಮಸಭೆಯ ಸಂವಿಧಾನದ ಐದನೆಯ ಅಧ್ಯಾಯದಲ್ಲಿ ಸಾರಿತು. 1969ರ ಆಗಮನಕಾಲದಿಂದ ಹೊಸ ವಾಚನಕ್ರಮವು ಬಳಕೆಗೆ ಬಂದಿತು. ಭಾನುವಾರಗಳಿಗೆ ಮೂರು ವರ್ಷಗಳ ಚಕ್ರ, ಒಂದು ವರ್ಷ ಮತ್ತಾಯನು, ಮುಂದಿನ ವರ್ಷ ಮಾರ್ಕನು, ಮೂರನೆಯ ವರ್ಷ ಲೂಕನು. ಯೊವಾನ್ನನಿಗೆ ತಪಸ್ಸುಕಾಲವೂ ಪಾಸ್ಖಕಾಲವೂ ಮುಖ್ಯವಾಗಿ ಮೀಸಲು. ವಾರದ ದಿನಗಳಿಗೆ ಎರಡು ವರ್ಷಗಳ ಬೇರೊಂದು ಚಕ್ರ. ಪ್ರವಾದಿಗಳ ಗದರಿಕೆ, ಅರಸರ ಪತನ, ಯೋಬನ ಅಳಲು, ಇವೆಲ್ಲ ಮೊತ್ತಮೊದಲ ಬಾರಿಗೆ ಸಾಮಾನ್ಯ ಭಕ್ತನ ಕಿವಿಗೆ ತನ್ನದೇ ಮಾತಿನಲ್ಲಿ ಬಿದ್ದುವು. ಕೊಂಕಣಿ, ಮರಾಠಿ, ಕನ್ನಡ ಮೂರೂ ನಡೆಯುವ ಬೆಳಗಾವಿ ಧರ್ಮಕ್ಷೇತ್ರದಲ್ಲಿ ಹಾವೇರಿಯ ಕಡೆಗೆ ಕನ್ನಡವೇ ಪೀಠದ ಭಾಷೆಯಾದುದು ಸಹಜ. ಕೆಲವು ವೃದ್ಧರಿಗೆ ಲತೀನಿನ ಗಾಂಭೀರ್ಯವು ಹೋಯಿತೆಂಬ ಕೊರಗು ಉಳಿದಿರಬಹುದು. ಆದರೆ ಪ್ರತಿದಿನದ ವಾಚನವನ್ನು ಬೆಳಿಗ್ಗೆ ಕೇಳಿ ಅದರ ಒಂದು ಮಾತನ್ನು ಸಂಜೆಯವರೆಗೆ ಹೊತ್ತು ತಿರುಗುವ ಅಭ್ಯಾಸವು ಗೃಹಸ್ಥರಿಗೂ ಸಾಧ್ಯವಾದುದು ಈ ಬದಲಾವಣೆಯಿಂದಲೇ.

ಬ್ಯಾಡಗಿಯಲ್ಲಿ ಈ ಪಂಚಾಂಗಕ್ಕೂ ಪೇಟೆಯ ಪಂಚಾಂಗಕ್ಕೂ ಒಂದು ವಿಶೇಷವಾದ ಸಂಧಿಯುಂಟು. ಸುಗ್ಗಿ ಮುಗಿದ ಮೇಲೆ ಮೆಣಸಿನಕಾಯಿಯ ಚೀಲಗಳು ದೂರದೂರದ ಜಿಲ್ಲೆಗಳಿಂದ ಬಂದು ಬೀಳುವ ಕಾಲವೂ, ವಿಭೂತಿ ಬುಧವಾರದಿಂದ ಪಾಸ್ಖದವರೆಗಿನ ತಪಸ್ಸುಕಾಲವೂ ಬಹುಮಟ್ಟಿಗೆ ಒಂದೇ. ಸೋಮವಾರ, ಗುರುವಾರಗಳು ಮಾರುಕಟ್ಟೆಯ ದಿನಗಳು. ಅಂದು ಹಮಾಲರ ಬೆನ್ನು, ತೊಟ್ಟು ಬಿಡಿಸುವ ಹೆಂಗಸರ ಬೆರಳು, ಎಲ್ಲರ ಪಾದ ಕೆಂಪು ಧೂಳಿನಲ್ಲಿ ಮುಳುಗಿರುತ್ತವೆ. ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ, ಸೆರಗನ್ನು ಮೂಗಿಗೆ ಬಿಗಿದುಕೊಂಡೇ ಕೂಲಿ ಗಳಿಸಬೇಕು. ಪವಿತ್ರ ವಾರದ ಗುರುವಾರವೂ ಹೀಗೆಯೇ ಪೇಟೆಯ ದಿನವಾಗಿ ಬರುತ್ತದೆ. ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿಯು ಮೇಲಂಗಿಯನ್ನು ತೆಗೆದಿಟ್ಟು, ಸೊಂಟಕ್ಕೆ ಅಂಗವಸ್ತ್ರವನ್ನು ಸುತ್ತಿ, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಪಾದಗಳನ್ನು ತೊಳೆದನೆಂದು ಯೊವಾನ್ನನ ಹದಿಮೂರನೆಯ ಅಧ್ಯಾಯದಲ್ಲಿದೆ. ಆ ಪಾದಗಳು ಬೀದಿಯ ಧೂಳು ಮೆತ್ತಿದ ಪಾದಗಳು. ತೊಳೆಯುವುದು ಆಳಿನ ಕೆಲಸ. ಪೇತ್ರನು ಹಿಂಜರಿದುದು ಗುರುವಿಗೆ ಆ ಕೆಲಸವು ತಕ್ಕುದಲ್ಲವೆಂದು ತಿಳಿದುದರಿಂದಲೇ. ಪೂಜೆಯ ಪಾತ್ರೆಗಳ ನಡುವೆ ಈ ಬೋಗುಣಿಯು ಬಂದು ನಿಂತುದು ಧರ್ಮದ ಇತಿಹಾಸದಲ್ಲಿಯೇ ಒಂದು ಮಹತ್ತರವಾದ ಘಟನೆಯೆಂದು ನಾನು ಭಾವಿಸುತ್ತೇನೆ.

ಪಾದ ತೊಳೆಯುವ ಈ ವಿಧಿಯನ್ನು ಆ ಗುರುವಾರದ ಸಂಜೆಯ ಬಲಿಪೂಜೆಯೊಳಗೆ ಸೇರಿಸಿ ಎಲ್ಲ ಧರ್ಮಕೇಂದ್ರಗಳಲ್ಲಿಯೂ ನಡೆಸಲು ಎಡೆಮಾಡಿಕೊಟ್ಟುದು ಹನ್ನೆರಡನೆಯ ಪಿಯೂಸ್ ಜಗದ್ಗುರುಗಳು 1955ರಲ್ಲಿ ಹೊರಡಿಸಿದ ಪವಿತ್ರ ವಾರದ ಸುಧಾರಣೆ. ಅಂದಿನಿಂದ ಅರುವತ್ತು ವರ್ಷಗಳ ಕಾಲ ಪಾದ ತೊಳೆಸಿಕೊಳ್ಳಲು ಗಂಡಸರನ್ನೇ ಕೂರಿಸಬೇಕೆಂಬ ನಿಯಮವಿತ್ತು. 2016ರ ಜನವರಿಯಲ್ಲಿ ಫ್ರಾನ್ಸಿಸ್ ಜಗದ್ಗುರುಗಳ ಅಪ್ಪಣೆಯಂತೆ ಅದು ಬದಲಾಗಿ, ದೇವಜನರಲ್ಲಿ ಯಾರನ್ನೇ ಆಗಲಿ, ಗಂಡಸರು ಹೆಂಗಸರು, ಎಳೆಯರು ಮುದುಕರು, ಆರೋಗ್ಯವಂತರು ರೋಗಿಗಳು ಎನ್ನದೆ ಆಯ್ದುಕೊಳ್ಳಬಹುದೆಂದಾಯಿತು. ಆದುದರಿಂದ ಮೆಣಸಿನಕಾಯಿಯ ಸೀಮೆಯಲ್ಲಿ ಗುರುವಾರದ ಕೂಲಿ ಮುಗಿಸಿ ಬಂದ ಹೆಣ್ಣುಮಗಳನ್ನು, ಆಕೆಯ ಪಾದದ ಕೆಂಪು ಇನ್ನೂ ಹೋಗದಿರುವಾಗಲೇ, ಪಾದ ತೊಳೆಸಿಕೊಳ್ಳುವವರ ಪೀಠಗಳಲ್ಲಿ ಒಂದರ ಮೇಲೆ ಕೂರಿಸುವುದಕ್ಕೆ ಈಗ ಯಾವ ನಿಯಮವೂ ಅಡ್ಡಿಯಾಗಿಲ್ಲ. ಯಾರನ್ನು ಕರೆಯಬೇಕೆಂಬುದನ್ನು ಆಯಾ ಧರ್ಮಕೇಂದ್ರದ ಗುರುಗಳೇ ನಿಶ್ಚಯಿಸತಕ್ಕದ್ದು, ಮತ್ತು ಮೊದಲು ಆಕೆಯನ್ನೇ ಕರೆಯಬೇಕೆಂದು ನನ್ನ ವಿಜ್ಞಾಪನೆ.