ಚರ್ಚಾ ಸೂಚನೆಗಳ ಬಳಕೆ ಮಾಪನ

ವಿಕಿಪೀಡಿಯದ ಚರ್ಚಾಪುಟದಲ್ಲಿ ತಮಗೆ ಬೇಕಾದ ಒಂದೇ ಚರ್ಚೆಗೆ ಚಂದಾದಾರರಾಗಿ, ಹೊಸ ಉತ್ತರ ಬಂದಾಗ ಸೂಚನೆ ಪಡೆಯುವ ಸೌಲಭ್ಯವನ್ನು ಸದಸ್ಯರು ಎಷ್ಟು ರೂಢಿಸಿಕೊಂಡಿದ್ದಾರೆ ಎಂದು ಅಳೆಯುವ ಕ್ರಮ. ಮೊದಲಿದ್ದ ವೀಕ್ಷಣಾಪಟ್ಟಿ ಇಡೀ ಪುಟದ ಬದಲಾವಣೆಗಳನ್ನು ತೋರಿಸುತ್ತಿದ್ದುದರಿಂದ, ದಟ್ಟ ಚರ್ಚೆಯ ಪುಟಗಳಲ್ಲಿ ಬೇಕಾದ ಉತ್ತರವೇ ಕಣ್ತಪ್ಪುತ್ತಿತ್ತು. 2013ರಲ್ಲಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬಂದ ‘ಎಕೋ’ ಸೂಚನಾ ವ್ಯವಸ್ಥೆ ಈ ಸೌಲಭ್ಯದ ತಳಹದಿ.

ಒಟ್ಟು ಚಂದಾಗಳ ಸಂಖ್ಯೆಯನ್ನು ನೆಚ್ಚುವಂತಿಲ್ಲ. ಚರ್ಚೆಯಲ್ಲಿ ಬರೆದವರನ್ನು ತಂತ್ರಾಂಶವೇ ಚಂದಾದಾರರನ್ನಾಗಿಸಬಲ್ಲದು. ಆದ್ದರಿಂದ ತಾವಾಗಿ ಚಂದಾ ಗುಂಡಿ ಒತ್ತಿದವರನ್ನು ಬೇರೆಯಾಗಿಯೇ ಎಣಿಸಬೇಕು. ಚಂದಾ ರದ್ದುಮಾಡಿದವರ ಲೆಕ್ಕವೂ ಬೇಕು. ಸೂಚನೆ ತಲುಪಿದ ಮೇಲೆ ಉತ್ತರ ಬಂತೇ, ಎಷ್ಟು ಬೇಗ ಬಂತು ಎಂಬುದೇ ಎಲ್ಲಕ್ಕಿಂತ ಬೆಲೆಯುಳ್ಳ ಅಳತೆ. ಸಕ್ರಿಯ ಸಂಪಾದಕರು ಕಡಿಮೆಯಿರುವ ಕನ್ನಡದಂಥ ವಿಕಿಗಳಲ್ಲಿ ಒಬ್ಬಿಬ್ಬರ ರೂಢಿಯಿಂದಲೇ ಶೇಕಡಾವಾರು ಏರುಪೇರಾಗುವುದರಿಂದ, ಅಲ್ಲಿ ಸದಸ್ಯರನ್ನು ನೇರವಾಗಿ ಕೇಳಿ ತಿಳಿಯುವುದು ಹೆಚ್ಚು ವಿಶ್ವಾಸಾರ್ಹ.