10 ಸೆಂಟ್ಸ್ ಜಾಗ, 45 ರೂಪಾಯಿ ಪೆನ್ಶನ್ ಮತ್ತು ಒಂದು ಅರ್ಜಿ

ಜೂನ್ ತಿಂಗಳಲ್ಲಿ ಶಾಲೆಯ ದಾಖಲಾತಿ ಮುಗಿಯುವ ಹೊತ್ತಿಗೆ ನನಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಮಕ್ಕಳನ್ನು ಬಿಡಲು ಬಂದ ಅಜ್ಜಿಯಂದಿರು ಜಗಲಿಯಲ್ಲೇ ನಿಲ್ಲುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ರೇಷನ್ ಕಾರ್ಡು, ಆಧಾರ್, ಮಡಚಿ ಮಡಚಿ ಹರಿದುಹೋದ ತೀರುವೆ ರಶೀದಿ. "ಇದ್ರಲ್ಲಿ ಎಂತ ಬರ್ದದ್ದು ಮಾಷ್ಟ್ರೇ? ನನ್ನ ಪೆನ್ಶನ್ ನಿಂತಿದೆ ಹೇಳ್ತಾರೆ" ಎಂದು ಕೇಳುತ್ತಾರೆ. ಕಾಗದ ಮಲಯಾಳದಲ್ಲಿರುತ್ತದೆ. ಅಜ್ಜಿಯ ಮನೆಮಾತು ತುಳು, ಕಲಿತದ್ದೇನಾದರೂ ಇದ್ದರೆ ಅದು ಕನ್ನಡದಲ್ಲಿ ಎರಡನೇ ಕ್ಲಾಸು.

ಬಡವರು ಸರಕಾರದ ಬಳಿ ಜಾಗ, ಮನೆ, ಪೆನ್ಶನ್ ಕೇಳಿ ಅರ್ಜಿ ಹಾಕುವ ಈ ಪದ್ಧತಿ ನಮ್ಮ ಕಾಸರಗೋಡಿಗೆ ಹೇಗೆ ಬಂತು ಎಂಬ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಗಡಿನಾಡಿನ ಚರಿತ್ರೆ ಎಂದರೆ ನಾವು 1956ರ ವಿಲೀನ, ಮಹಾಜನ ವರದಿ ಇಷ್ಟನ್ನೇ ಹೇಳುತ್ತೇವೆ. ಬಿಡಾರದಲ್ಲಿ ಇದ್ದವರ ಚರಿತ್ರೆ ಅದರಲ್ಲಿ ಬರುವುದಿಲ್ಲ.

1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಊರಲ್ಲಿ ಪಟೇಲರು, ಶಾನುಭೋಗರು. ಅಡಂಗಲ್, ದರ್ಖಾಸ್ತು, ಗೇಣಿಚೀಟು ಎಲ್ಲ ಕನ್ನಡದಲ್ಲಿ. ಇಂದಿಗೂ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಆ ಕಾಗದಗಳು ಸಿಗುತ್ತವೆ. ಆದರೆ ಯಾರ ಮನೆಯ ಪೆಟ್ಟಿಗೆಯಲ್ಲಿ? ಮೂಲಗೇಣಿ, ಚಾಲಗೇಣಿ ಇದ್ದವರಿಗೆ ಚೀಟು ಇತ್ತು. ಧಣಿಗಳ ಜಾಗದಲ್ಲಿ ಮುಳಿಹುಲ್ಲಿನ ಬಿಡಾರ ಕಟ್ಟಿಕೊಂಡು ತೋಟದ ಕೆಲಸಕ್ಕೆ ಹೋಗುತ್ತಿದ್ದವರಿಗೆ ಯಾವ ಭಾಷೆಯ ಕಾಗದವೂ ಇರಲಿಲ್ಲ. ಧಣಿಗೆ ಸಿಟ್ಟು ಬಂದರೆ ಬಿಡಾರ ಬಿಡಬೇಕು, ಅಷ್ಟೆ.

ಕೇರಳಕ್ಕೆ ಸೇರಿ ಐದು ತಿಂಗಳಾಗುವಷ್ಟರಲ್ಲಿ, 1957ರ ಏಪ್ರಿಲ್‌ನಲ್ಲಿ, ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ ಅಧಿಕಾರಕ್ಕೆ ಬಂತು. ಒಂದು ವಾರದೊಳಗೆ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಅಂದರೆ ನಮ್ಮ ಹಿರಿಯರು ಕನ್ನಡನಾಡಿಗೆ ಸೇರಬೇಕೆಂದು ಸಭೆ ನಡೆಸುತ್ತಿದ್ದ ದಿನಗಳಲ್ಲೇ, ಅದೇ ಊರಿನ ಬಿಡಾರದವರಿಗೆ ಮೊದಲ ಬಾರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಇದನ್ನು ಬರೆದರೆ ಕೆಲವರಿಗೆ ಬೇಸರವಾಗಬಹುದು. ಆದರೂ ನಡೆದದ್ದು ನಡೆದದ್ದೇ.

ಮುಂದಿನದ್ದು ಇನ್ನೂ ಸ್ವಾರಸ್ಯಕರ. 1960ರಲ್ಲಿ ಕೇರಳ ಕೃಷಿ ಸಂಬಂಧ ಕಾಯಿದೆ ಬಂತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಬೇರೆ ಯಾರೂ ಅಲ್ಲ, ನಮ್ಮ ಕಾಸರಗೋಡು, ಹೊಸದುರ್ಗ ತಾಲೂಕುಗಳ ರೈತವಾರಿ ಪಟ್ಟಾದಾರರು. ತಿರುವಿದಾಂಕೂರಿನ ಕಡೆಯ ಜಮೀನ್ದಾರಿಕೆಯಂತಹದ್ದಲ್ಲ ನಮ್ಮದು, ಮದ್ರಾಸಿನಿಂದ ಬಂದ ರೈತವಾರಿ ಭೂಮಿ 'ಎಸ್ಟೇಟ್' ಅಲ್ಲ ಎಂಬುದು ಅವರ ವಾದ. 1961ರ ಡಿಸೆಂಬರಿನಲ್ಲಿ ಕೋರ್ಟು ಅದನ್ನು ಒಪ್ಪಿ, ಆ ಭೂಮಿಗಳ ಮಟ್ಟಿಗೆ ಕಾಯಿದೆ ಊರ್ಜಿತವಲ್ಲ ಎಂದಿತು. ಅದಾದ ಮೇಲೆ 1964ರಲ್ಲಿ ಸಂವಿಧಾನದ 17ನೇ ತಿದ್ದುಪಡಿಯಾಗಿ ರೈತವಾರಿ ಭೂಮಿಯೂ 'ಎಸ್ಟೇಟ್' ಎಂಬುದರೊಳಗೆ ಬಂತು. ಕಂಗು, ತೆಂಗು, ಗದ್ದೆಗಳ ನಮ್ಮ ತಾಲೂಕಿನ ವ್ಯಾಜ್ಯ ದೆಹಲಿಯವರೆಗೆ ಹೋಗಿ ಸಂವಿಧಾನದ ಚರಿತ್ರೆಯಲ್ಲಿ ಸೇರಿಕೊಂಡಿದೆ ಎಂದು ನಾನು ಬಿ.ಎ. ಓದುವಾಗ ಯಾರೂ ಹೇಳಿರಲಿಲ್ಲ.

ಹೊಸ ಭೂಸುಧಾರಣಾ ಕಾಯಿದೆ 1963ರದ್ದು. ಅದಕ್ಕೆ 1969ರಲ್ಲಿ ದೊಡ್ಡ ತಿದ್ದುಪಡಿಯಾಗಿ 1970ರ ಜನವರಿ 1ರಿಂದ ಜಾರಿಗೆ ಬಂತು. ಆಗ ನಮ್ಮ ಜನರ ಬಾಯಿಗೆ ಒಂದು ಹೊಸ ಶಬ್ದ ಬಂತು, 'ಕುಡಿಕಿಡಪ್ಪು'. ಕುಡಿ ಅಂದರೆ ಮನೆ, ಗುಡಿಸಲು. ಕಿಡಪ್ಪು ಅಂದರೆ ಅದರಲ್ಲಿ ಬಿದ್ದುಕೊಂಡಿರುವುದು. ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡವನು ಲ್ಯಾಂಡ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿದರೆ ಪಂಚಾಯತ್ ಪ್ರದೇಶದಲ್ಲಿ 10 ಸೆಂಟ್ಸ್, ಸಣ್ಣ ಮುನಿಸಿಪಾಲಿಟಿಯಲ್ಲಿ 5, ದೊಡ್ಡ ಪಟ್ಟಣದಲ್ಲಿ 3 ಸೆಂಟ್ಸ್ ಜಾಗವನ್ನು ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆ ಬೆಲೆಗೆ ಕೊಂಡುಕೊಳ್ಳಬಹುದು. ಗುಡಿಸಲು ಕಟ್ಟಿದ ಕಾಲದಲ್ಲಿ ಅದರ ಖರ್ಚು 750 ರೂಪಾಯಿ ಮೀರಿರಬಾರದು, ಇಲ್ಲವೇ ತಿಂಗಳ ಬಾಡಿಗೆ 5 ರೂಪಾಯಿ ಮೀರುವಂತಿರಬಾರದು. ಮುಳಿಮಾಡಿನ ಬಿಡಾರಕ್ಕೆ 750 ರೂಪಾಯಿ ಯಾರು ಹಾಕಿದ್ದರು!

ಈ 10 ಸೆಂಟ್ಸ್‌ನ ಬೆಲೆ ಈಗಿನವರಿಗೆ ಗೊತ್ತಾಗುವುದು ಕಷ್ಟ. ನನ್ನ ಶಿಷ್ಯರಲ್ಲಿ ಎಷ್ಟೋ ಮಕ್ಕಳ ಮನೆ ಇರುವುದು ಆ ಜಾಗದಲ್ಲೇ. ಅದೇ ನಾಲ್ಕು ತೆಂಗು, ಒಂದು ಬಾವಿ, ಅಣ್ಣತಮ್ಮಂದಿರು ಪಾಲು ಮಾಡಿ ಮಾಡಿ ಈಗ ಮೂರು ಮನೆ. ಗಡಿಯಾಚೆಯ ಬಂಟ್ವಾಳ, ಪುತ್ತೂರುಗಳಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿದ್ದು 1974ರ ಮೇಲೆ, ದೇವರಾಜ ಅರಸರ ಕಾಲದಲ್ಲಿ.

1972ರಲ್ಲಿ ಅಚ್ಯುತ ಮೆನೋನ್ ಸರಕಾರದ ಲಕ್ಷ ಮನೆ ಯೋಜನೆ. ವಸತಿ ಮಂತ್ರಿ ಎಂ.ಎನ್. ಗೋವಿಂದನ್ ನಾಯರ್. ಒಂದೊಂದು ಪಂಚಾಯತಿಗೆ ನೂರರಂತೆ ಭೂಮಿಯಿಲ್ಲದ ಕೂಲಿಯವರಿಗೆ ಮನೆ ಎಂಬುದು ಲೆಕ್ಕ. ಲಕ್ಷ ಪೂರ್ತಿಯಾಗಲಿಲ್ಲ. ಆದರೆ 'ಲಕ್ಷಂವೀಡ್ ಕಾಲನಿ' ಎಂಬ ಹೆಸರು ನಮ್ಮ ಊರುಗಳಲ್ಲೂ ಉಳಿಯಿತು. ಖರ್ಚು ಉಳಿಸಲಿಕ್ಕೆ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ ಇಟ್ಟು ಕಟ್ಟಿದರು. ಆ ಗೋಡೆಯ ಕಷ್ಟ ಗೊತ್ತಾದದ್ದು ಮೂವತ್ತು ವರ್ಷ ಕಳೆದು ಮನೆ ಹಳತಾದ ಮೇಲೆ. ಒಬ್ಬರಿಗೆ ಕೆಡವಿ ಕಟ್ಟಬೇಕು, ಪಕ್ಕದವರ ಹತ್ತಿರ ದುಡ್ಡಿಲ್ಲ. ಜಗಳ ಪಂಚಾಯತ್ ಮೆಂಬರರ ತನಕ ಹೋಗುತ್ತದೆ.

ಪೆನ್ಶನ್ನಿನ ಕತೆ ಬೇರೆ. ಯಾರೂ ಗತಿಯಿಲ್ಲದವರಿಗೆ, ವಿಧವೆಯರಿಗೆ ಕೇರಳದಲ್ಲಿ 1960ರಿಂದಲೇ ಸಣ್ಣ ಮೊತ್ತ ಸಿಗುತ್ತಿತ್ತು. ಊರಿನವರೆಲ್ಲ ಮಾತಾಡುವಂತೆ ಆದದ್ದು 1980ರಲ್ಲಿ, ನಾಯನಾರ್ ಸರಕಾರ ಕೃಷಿಕಾರ್ಮಿಕರಿಗೆ ತಿಂಗಳಿಗೆ 45 ರೂಪಾಯಿ ಕೊಡಲು ಹೊರಟಾಗ. ಜೀವನವಿಡೀ ಇನ್ನೊಬ್ಬರ ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸಿಗೆ ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದು ಕೊಡುವುದೆಂದರೆ! ಸೊಸೆಯಂದಿರ ಎದುರು ಅತ್ತೆಯ ಸ್ವರ ಸ್ವಲ್ಪ ಗಟ್ಟಿಯಾಯಿತು ಎಂದು ಹಿರಿಯರು ನಗಾಡುತ್ತಾ ಹೇಳುವುದನ್ನು ಕೇಳಿದ್ದೇನೆ. ಆ ಸಾಮಾಜಿಕ ಪೆನ್ಶನ್‌ಗಳು 2021ರಲ್ಲಿ 1600 ರೂಪಾಯಿಗೆ ಬಂದು, 2025ರ ನವೆಂಬರಿನಿಂದ 2000 ಆದವು. ಮನೆಯ ವಿಷಯದಲ್ಲಿ 2017ರ ಹೊತ್ತಿಗೆ ಲೈಫ್ ಮಿಷನ್ ಬಂತು. ಜಾಗ ಇದ್ದು ಮನೆ ಇಲ್ಲದವರಿಗೆ 4 ಲಕ್ಷ ರೂಪಾಯಿ, ಜಾಗವೂ ಇಲ್ಲದವರಿಗೆ ಬೇರೆ ಪಟ್ಟಿ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಬಿಡಾರದವರಿಗೆ 10 ಸೆಂಟ್ಸ್ ಕೊಟ್ಟ ತಿದ್ದುಪಡಿಯೂ 1969ರದ್ದು, ಕೇರಳದ ಆಡಳಿತ ಭಾಷಾ ಕಾಯಿದೆಯೂ 1969ರದ್ದು. ಈ ಎರಡನೆಯ ಕಾಯಿದೆಯ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೆ, ಇಲಾಖೆಯ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಇನ್ನು ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎನ್ನುತ್ತದೆ. ಒಂದೇ ವರ್ಷದ ಎರಡು ಕಾಯಿದೆಗಳಲ್ಲಿ ಜಾಗದ ಕಾಯಿದೆ ನಮ್ಮ ಊರಿನಲ್ಲಿ ಕೆಲಸ ಮಾಡಿತು. ಭಾಷೆಯ ಕಾಯಿದೆ ಅರ್ಧಂಬರ್ಧ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ನಮ್ಮದೂ ತಪ್ಪಿದೆ. ಜಾಗ ಬೇಕಾದವರು ಗುಂಪಾಗಿ ಹೋಗಿ ಕೇಳಿದರು. ಕನ್ನಡ ಫಾರಂ ಬೇಕೆಂದು ನಾವು ಭಾಷಣದಲ್ಲಿ ಕೇಳಿದೆವು, ಕೌಂಟರಿನಲ್ಲಿ ಕೇಳಿದ್ದು ಕಡಿಮೆ. ಫಾರಂ ಓದಲಾಗದೆ ಪೆನ್ಶನ್ ತಪ್ಪಿದ್ದು ಭಾಷಣ ಮಾಡಿದವರಿಗಲ್ಲ.

ಕಯ್ಯಾರ ಕಿಞ್ಞಣ್ಣ ರೈಗಳು ಕವಿ, ಅಧ್ಯಾಪಕ, ಜೊತೆಗೆ ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಇಲ್ಲಿ ನೆನಪು ಮಾಡಿಕೊಳ್ಳಬೇಕು.

ಈಗಿನ ತೊಂದರೆ ಹೆಚ್ಚಾಗಿ ಹೆಸರಿನದ್ದು. ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ 'ಕೊರಗು', ರೇಷನ್ ಕಾರ್ಡಿನಲ್ಲಿ ಮಲಯಾಳದಲ್ಲಿ 'ಕೊರಗ', ಆಧಾರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ತರ. ನಮ್ಮ ಕೊನೆಯ ಉಕಾರ ಅಲ್ಲಿಗೆ ಹೋಗುವಾಗ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಅಕ್ಷಯ ಕೇಂದ್ರದ ಕಂಪ್ಯೂಟರಿಗೆ ಇವು ಮೂರು ಜನ. ಆಗ ವಿಲ್ಲೇಜ್ ಆಫೀಸಿಗೆ ಹೋಗಿ ಮೂವರೂ ಒಬ್ಬರೇ ಎಂದು ಸರ್ಟಿಫಿಕೇಟ್ ತರಬೇಕು. 'ಒನ್ ಆಂಡ್ ಸೇಮ್' ಎಂದು ಅದಕ್ಕೆ ಹೆಸರು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯಂದಿರೂ ಈ ಮೂರು ಇಂಗ್ಲಿಷ್ ಶಬ್ದಗಳನ್ನು ಸರಿಯಾಗಿ ಹೇಳುತ್ತಾರೆ!

ಕಳೆದ ವರ್ಷ ಒಬ್ಬ ಅಜ್ಜಿಗೆ ನಾನು ಬೇಕೆಂದೇ ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟೆ. ಮೇಲೆ 1969ರ ಕಾಯಿದೆಯ ಹೆಸರನ್ನೂ ಹಾಕಿದೆ. ಕಚೇರಿಯವರು ಏನೂ ತಕರಾರು ಮಾಡದೆ ತೆಗೆದುಕೊಂಡರಂತೆ. ಎರಡು ತಿಂಗಳು ಕಳೆದು ಉತ್ತರ ಬಂತು, ಮಲಯಾಳದಲ್ಲಿ. ಅಜ್ಜಿ ಅದನ್ನು ಹಿಡಿದುಕೊಂಡು ಮತ್ತೆ ಜಗಲಿಗೆ ಬಂದರು. "ಇದ್ರಲ್ಲಿ ಎಂತ ಬರ್ದದ್ದು ಮಾಷ್ಟ್ರೇ?" ಓದಿ ಹೇಳಿದೆ. ಆದಾಯದ ಸರ್ಟಿಫಿಕೇಟ್ ಹಳತಾಗಿದೆ, ಹೊಸತು ತರಬೇಕು ಎಂದಿತ್ತು. ಅದಕ್ಕೆ ಇನ್ನೊಂದು ಅರ್ಜಿ ಬರೆಯಲು ಕುಳಿತೆ, ಕನ್ನಡದಲ್ಲೇ.