ಉಳಿದ 69 ಜಿಬಿ ಎಲ್ಲಿ ಹೋಯ್ತು?

ಹೊಸ 1 ಟಿಬಿ ಹಾರ್ಡ್ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, 931 ಜಿಬಿ ಅಂತ ತೋರಿಸುತ್ತೆ. "ಅಂಗಡಿಯವನು ಟೋಪಿ ಹಾಕ್ದ" ಅಂತ ಬೈಯೋರನ್ನ ಬೇಕಾದಷ್ಟು ನೋಡಿದ್ದೀನಿ. ಅವರಲ್ಲಿ ಬಿಇ ಓದಿದವರೂ ಇದ್ದಾರೆ! ಪಾಪ, ಅಂಗಡಿಯವನದೇನೂ ತಪ್ಪಿಲ್ಲ. ಇದು ಅಳತೆಯ ಜಗಳ, ನಮಗಿಂತ ಹಳೇದು.

ಮೆಮೊರಿ ಚಿಪ್ಪಿನಲ್ಲಿ ಪ್ರತಿ ಕೋಣೆಗೂ ಒಂದು ವಿಳಾಸ. ಆ ವಿಳಾಸ ಬರೆಯೋದು 0 ಮತ್ತು 1 ಎರಡರಲ್ಲೇ. ಹಾಗಾಗಿ ವಿಳಾಸಕ್ಕೆ ಒಂದು ತಂತಿ ಸೇರಿಸಿದರೆ ಕೋಣೆಗಳು ದುಪ್ಪಟ್ಟಾಗುತ್ತವೆ. 10 ತಂತಿಗೆ 1024 ಕೋಣೆ. ಸಾವಿರಕ್ಕೆ ಹತ್ತಿರವೇ ಇದೆಯಲ್ಲ ಅಂತ ಇಂಜಿನಿಯರುಗಳು ಅದನ್ನೇ 'ಕಿಲೋ' ಅಂದುಬಿಟ್ಟರು.

ಡಿಸ್ಕಿಗೆ ಈ ಕಟ್ಟುಪಾಡಿಲ್ಲ. 1956ರಲ್ಲಿ ಐಬಿಎಂ ತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳು, ಹಿಡಿಸುತ್ತಿದ್ದುದು ಸರಿಯಾಗಿ 50 ಲಕ್ಷ ಅಕ್ಷರ. ಡಿಸ್ಕಿನವರು ಸಾವಿರದ ಲೆಕ್ಕವನ್ನೇ ಹಿಡಿದರು. ನಮ್ಮ ಕಡೆ ಹಿಂದೆ ಕಚ್ಚಾ ಸೇರು, ಪಕ್ಕಾ ಸೇರು ಅಂತ ಎರಡಿದ್ದವಲ್ಲ, ಹಾಗೆ. ಆದರೆ ಅಲ್ಲಿ ಕಚ್ಚಾನೋ ಪಕ್ಕಾನೋ ಅಂತ ಕೇಳೋಕಾದರೂ ಪದ ಇತ್ತು. ಇಲ್ಲಿ ಎರಡಕ್ಕೂ ಒಂದೇ ಹೆಸರು.

ಕಿಲೋಬೈಟಿನ ಕಾಲದಲ್ಲಿ ವ್ಯತ್ಯಾಸ ಬರೀ ಶೇ. 2.4, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೆಗಾಕ್ಕೆ ಅದು ಸುಮಾರು 5, ಗಿಗಾಕ್ಕೆ 7, ಟೆರಾಕ್ಕೆ ಹತ್ತಿರಹತ್ತಿರ 10 ಆಯಿತು. ಎಲ್ಲಕ್ಕಿಂತ ತಮಾಷೆ ಅಂದ್ರೆ 1.44 ಎಂಬಿ ಫ್ಲಾಪಿ. ಅದರಲ್ಲಿದ್ದದ್ದು 14,74,560 ಬೈಟ್, ಅಂದರೆ 1440 × 1024. ಒಂದು ಸಲ 1024ರಿಂದ, ಇನ್ನೊಂದು ಸಲ 1000ದಿಂದ ಭಾಗಿಸಿ 1.44 ಮಾಡಿದ್ದರು! ಎರಡರಲ್ಲಿ ಯಾವ ಲೆಕ್ಕಕ್ಕೂ ಅದು ಸರಿಯಲ್ಲ.

1998ರಲ್ಲಿ ಐಇಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಅನ್ನೋ ಹೊಸ ಹೆಸರುಗಳನ್ನು ಕೊಟ್ಟಿತು. ಅಂಗಡಿಯಲ್ಲಿ ಯಾರ ಬಾಯಲ್ಲೂ ಅವು ಬರಲಿಲ್ಲ. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೇ ಹೋದರು. 2006ರಲ್ಲಿ ವೆಸ್ಟರ್ನ್ ಡಿಜಿಟಲ್ ತಪ್ಪೊಪ್ಪಿಕೊಳ್ಳದೆ ರಾಜಿ ಮಾಡಿಕೊಂಡಿತು. 2009ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳಲ್ಲಿ ಸಾವಿರದ ಲೆಕ್ಕಕ್ಕೆ ಬಂತು. ವಿಂಡೋಸ್ ಮಾತ್ರ ಇವತ್ತಿಗೂ 1024ರಿಂದ ಭಾಗಿಸಿ ಪಕ್ಕದಲ್ಲಿ 'ಜಿಬಿ' ಅಂತ ಬರೆಯುತ್ತೆ. ನನ್ನ ಕೇಳಿದರೆ ದೂರಬೇಕಾದ್ದು ಅದನ್ನ, ಡಿಸ್ಕಿನ ಡಬ್ಬಿಯನ್ನಲ್ಲ. ದೊಡ್ಡ ಸಂಖ್ಯೆ ಡಬ್ಬಿಯವರಿಗೆ ಲಾಭ ಅನ್ನೋದೂ ನಿಜವೇ ಬಿಡಿ.

ಅನುಮಾನ ಇದ್ದರೆ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಪೂರ್ತಿ ಬೈಟುಗಳ ಲೆಕ್ಕ ಅಲ್ಲೇ ಇರುತ್ತೆ, 1 ಟಿಬಿಗೆ ಒಂದು ಲಕ್ಷ ಕೋಟಿಯ ಆಸುಪಾಸು. ಫುಟ್‌ಪಾತಿನಲ್ಲಿ ಇನ್ನೂರು ರೂಪಾಯಿಗೆ ಸಿಗೋ '1 ಟಿಬಿ' ಪೆನ್ ಡ್ರೈವ್ ಬಗ್ಗೆ ಮಾತ್ರ ನಾನು ಈ ಮಾತು ಹೇಳಲ್ಲ. ಅದು ಪಕ್ಕಾ ಮೋಸ.